ಕಿರುಹಳಿಯ ಉಗಿಬಂಡಿಗಳು



ಕಾವೇರಿಯು ಕೊಡಗನ್ನು ಬಿಟ್ಟು ಹೊರಡುವೆಡೆಯಲ್ಲಿ ಶಿರಂಗಾಲವೆಂಬ ಗ್ರಾಮವಿದೆ. ಒಂದು ಕಾಲದಲ್ಲಿ ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ಆಂಗ್ಲರ ಕೊಡಗು. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಸೇರಿದುವು. ಆದರೂ ಕೊಡಗಿಗೆ ಇಂದಿನವರೆಗೂ ರೈಲು ಬಂದಿಲ್ಲ. ಬೆಟ್ಟದ ಸೀಮೆಗೆ ರೈಲು ಬರುವುದೆಂತು ಎಂದು ಕೇಳಿ ಸುಮ್ಮನಾಗುವವರು ಬಹುಮಂದಿ. ಅಂಥವರು ಕಿರುಹಳಿಯ ಚರಿತ್ರೆಯನ್ನು ಸ್ವಲ್ಪ ನೋಡಬೇಕೆಂದು ನಾವು ಬಯಸುತ್ತೇವೆ.

1881ರಲ್ಲಿಯೇ ಡಾರ್ಜಿಲಿಂಗಿಗೆ ಎರಡೇ ಅಡಿ ಅಗಲದ ಹಳಿಯ ಮೇಲೆ ಉಗಿಬಂಡಿ ಹತ್ತಿಹೋಯಿತು. ಹಳಿಯ ನಡುವೆ ಹಲ್ಲುಪಟ್ಟಿಯ ಆಸರೆಯೂ ಇರಲಿಲ್ಲ. ಎಂಜಿನ್ನಿನ ಮುಂದೆ ಕುಳಿತ ಆಳುಗಳು ಕಂಬಿಯ ಮೇಲೆ ಮರಳುದುರಿಸುವರು. ಗಾಲಿ ಜಾರದೆ ಕಚ್ಚಿ ನಡೆಯುವುದು. ಹಳಿ ಕಿರಿದಾದಷ್ಟೂ ಬಂಡಿ ಇಕ್ಕಟ್ಟಾದ ತಿರುವುಗಳಲ್ಲಿ ತಿರುಗಬಲ್ಲುದು. ಆದುದರಿಂದ ಗುಡ್ಡವನ್ನು ಕೊರೆಯುವ ಬದಲು ಅದನ್ನು ಬಳಸಿಕೊಂಡು ಹೋಗಬಹುದು.

ಬಯಲು ಸೀಮೆಯಲ್ಲಿ ಪ್ರಶ್ನೆ ತಿರುವಿನದಲ್ಲ, ಹಣದ್ದು. ಭಾರವಾದ ಎಂಜಿನ್ನಿಗೆ ಭಾರವಾದ ಕಂಬಿ ಬೇಕು, ಗಟ್ಟಿಯಾದ ಸೇತುವೆ ಬೇಕು. ಕ್ಯಾಲ್‌ತ್ರಾಪ್ ಎಂಬ ಆಂಗ್ಲ ಎಂಜಿನಿಯರು ಈ ತೊಡಕನ್ನು ಬಿಡಿಸಿದ ಬಗೆ ನಮಗೆ ಬಹು ಮೆಚ್ಚುಗೆಯಾದುದು. ಸೊಲ್ಲಾಪುರದ ಸೀಮೆಯಲ್ಲಿ 1897ರಲ್ಲಿ ತೆರೆದ ಬಾರ್ಸಿ ರೈಲ್ವೆಗೆ ಆತನು ಎರಡೂವರೆ ಅಡಿಯ ಹಳಿಯನ್ನು ಹಾಕಿ, ಯಾವ ಅಚ್ಚಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಕೂಡದೆಂದು ಕಟ್ಟು ಮಾಡಿದನು. ಲೀಡ್ಸಿನ ಕಿಟ್ಸನ್ ಕಾರ್ಖಾನೆಯ ಎಂಜಿನ್ನುಗಳಿಗೆ ಎಳೆಯುವ ಗಾಲಿಗಳು ಎಂಟು, ಹಿಂದೆ ಭಾರ ಹೊರುವ ಗಾಲಿಗಳು ನಾಲ್ಕು. ಒಬ್ಬನ ತಲೆಯ ಹೊರೆಯನ್ನು ಆರು ಮಂದಿಗೆ ಹಂಚಿದಂತೆ! ತೆಳುವಾದ ಕಂಬಿಯ ಮೇಲೆಯೇ ಬಲವುಳ್ಳ ಯಂತ್ರ ಓಡಿತು. ಈ ದಾರಿಯೇ ಮುಂದೆ ಪಂಢರಪುರಕ್ಕೆ ಮುಟ್ಟಿ, 1927ರ ಹೊತ್ತಿಗೆ ಮೀರಜಿನವರೆಗೂ ಬೆಳೆಯಿತು; ವಿಠಲನ ದರ್ಶನಕ್ಕೆ ಹೊರಟ ಕನ್ನಡ ಯಾತ್ರಿಕರಿಗೂ ಒದಗಿತು.

ಮೈಸೂರು ಸಂಸ್ಥಾನದಲ್ಲಿ ಎರಡೂವರೆ ಅಡಿಯ ಹಳಿ 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಬಂದಿತು. ಬೌರಿಂಗ್‌ಪೇಟೆಯೆಂದರೆ ಇಂದಿನ ಬಂಗಾರಪೇಟೆ. ಕೆಲವು ವರ್ಷಗಳಲ್ಲಿ ಚಿಂತಾಮಣಿ, ಚಿಕ್ಕಬಳ್ಳಾಪುರಗಳಿಗೂ ಉಗಿಬಂಡಿ ಕೂಗಿತು. ಆದರೆ ಕಿರುಹಳಿಗೆ ಒಂದು ಶಾಪವಿದ್ದಿತು. ಬೌರಿಂಗ್‌ಪೇಟೆಯ ದೊಡ್ಡ ಹಳಿಯ ಅಗಲ ಐದೂವರೆ ಅಡಿ. ಚಿಕ್ಕ ವ್ಯಾಗನ್ನು ಅದರ ಮೇಲೆ ಓಡದು. ಮೂಟೆಮೂಟೆಯನ್ನೂ ಹಮಾಲರು ಇಳಿಸಿ ಮತ್ತೆ ಏರಿಸಬೇಕು. ಹಳಿ ಹಾಕುವಾಗ ಉಳಿಸಿದ ಹಣ ಹೀಗೆ ದಿನದಿನವೂ ಕೂಲಿಯಾಗಿ ಸೋರಿತು. ಲಾರಿ ಬಂದಮೇಲೆ ಈ ಸೋರಿಕೆಯನ್ನು ತಾಳುವುದು ಕಷ್ಟವಾಯಿತು. ಕೋಲಾರ–ಚಿಕ್ಕಬಳ್ಳಾಪುರದ ದಾರಿ 2013ರಲ್ಲಿ ದೊಡ್ಡ ಹಳಿಯಾಗಿ ಮರಳಿ ತೆರೆಯಿತು.

ಇನ್ನು ಶಿರಂಗಾಲದ ಮಾತು. ಮೈಸೂರು–ಅರಸೀಕೆರೆಯ ಮೀಟರ್ ಹಳಿ ಕೃಷ್ಣರಾಜನಗರ, ಹೊಳೆನರಸೀಪುರಗಳನ್ನು ಹಿಡಿದು ಪೂರ್ವಕ್ಕೇ ಉಳಿಯಿತು. ಶಿರಂಗಾಲದ ಸುತ್ತ ಇರುವುದು ಹೊಳೆಬದಿಯ ಬಹುಮಟ್ಟಿಗೆ ಸಮನಾದ ನೆಲ. ಕಡಿದಾದ ಬೆಟ್ಟಗಳು ಪಶ್ಚಿಮಕ್ಕಿವೆ. ಡಾರ್ಜಿಲಿಂಗನ್ನು ಏರಿದ ಯಂತ್ರಕ್ಕೆ ಇಲ್ಲಿಗೆ ಬರುವುದು ಅಸಾಧ್ಯವಾಗಿತ್ತೆಂದು ನಾವು ಒಪ್ಪಲಾರೆವು. ಬಾಯ್ಲರಿಗೆ ಬೇಕಾದ ನೀರಿಗಂತೂ, ಕಾವೇರಿಯ ದಡದಲ್ಲಿ, ಕೊರತೆಯಿರುತ್ತಿರಲಿಲ್ಲ.