ಹಳೆಯ ಜಿ.ಪಿ.ಎಸ್. ಮಾಡ್ಯೂಲಿನಿಂದ ಹೊಲದ ಅಳತೆ



ಬಿತ್ತನೆ ಬೀಜ, ಗೊಬ್ಬರ, ಕಳೆನಾಶಕ ಇವೆಲ್ಲವನ್ನೂ ಎಕರೆ ಲೆಕ್ಕದಲ್ಲಿಯೇ ಶಿಫಾರಸು ಮಾಡಲಾಗುತ್ತದೆ. ಕಟಾವು ಯಂತ್ರದ ಬಾಡಿಗೆಯನ್ನೂ ಅನೇಕ ಕಡೆ ಎಕರೆಗೆ ಇಷ್ಟೆಂದೇ ಗೊತ್ತುಮಾಡುವುದುಂಟು. ಆದರೆ ಪಹಣಿಯಲ್ಲಿ 4 ಎಕರೆ ಎಂದಿರುವ ಜಮೀನಿನಲ್ಲಿ ಬಾವಿ, ಕಣ, ದಾರಿ, ಬದು ಕಳೆದು ನಿಜವಾಗಿ ಬೆಳೆ ನಿಲ್ಲುವ ನೆಲ ಎಷ್ಟೆಂದು ಬಲ್ಲವರು ಕಡಿಮೆ. ಗುಜರಿ ಸೇರಿದ ವಾಹನ ಪತ್ತೆ ಸಾಧನದೊಳಗಿನ ಜಿ.ಪಿ.ಎಸ್. ಮಾಡ್ಯೂಲಿನಿಂದ ಇದನ್ನು ಅಳೆಯಬಹುದಾಗಿದೆ. ಮೊಬೈಲ್ ಫೋನಿನಲ್ಲಿ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ. ಆದರೆ ಫೋನು ಉತ್ತರವನ್ನಷ್ಟೇ ತೋರಿಸುತ್ತದೆ. ಅದರ ಹಿಂದಿನ ರೀಡಿಂಗು ಎಷ್ಟು ಅಲುಗಾಡುತ್ತದೆಂಬುದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಮನೆಯಲ್ಲಿ ಐ.ಟಿ.ಐ. ಅಥವಾ ಡಿಪ್ಲೊಮಾ ಓದುವ ಮಗನೋ ಮಗಳೋ ಇದ್ದರೆ ಎರಡು ದಿನದ ಕೆಲಸ.

ಮಾಡ್ಯೂಲೆಂದರೆ ತವರದ ಮುಚ್ಚಳವಿರುವ, ಹೆಬ್ಬೆರಳ ಉಗುರಿನಷ್ಟು ಅಗಲದ ಬಿಡಿಭಾಗ. ಪಕ್ಕದಲ್ಲಿ ಚೌಕಾಕಾರದ ಪಿಂಗಾಣಿ ಬಿಲ್ಲೆಯಂಥ ಆಂಟೆನಾ ಇರುತ್ತದೆ. ಎರಡನ್ನೂ ಬೇರ್ಪಡಿಸದೆ ತೆಗೆಯುವುದು ಲೇಸು. ಮುಚ್ಚಳದ ಮೇಲಿನ ಸಂಖ್ಯೆಯನ್ನು ಓದಿ, ತಯಾರಕರ ವಿವರಪಟ್ಟಿಯಲ್ಲಿ ಯಾವ ಕಾಲು ಯಾವುದಕ್ಕೆಂದು ನೋಡಿಕೊಂಡ ನಂತರವೇ ಬೆಸುಗೆ ಹಾಕಬೇಕು. ಇಂಥವುಗಳಲ್ಲಿ ಬಹಳ ಬಳಕೆಯಲ್ಲಿರುವ ನಿಯೋ-6ಎಂ ಮಾಡ್ಯೂಲಿಗೆ 3.6 ವೋಲ್ಟಿಗಿಂತ ಹೆಚ್ಚು ಕೊಡಬಾರದು. ಬರಿಯ ಮಾಡ್ಯೂಲಿಗೆ ಆರ್ಡುಯಿನೊದ 5 ವೋಲ್ಟ್ ನೇರವಾಗಿ ಕೊಟ್ಟರೆ ಅಲ್ಲಿಗೆ ಅದರ ಕಥೆ ಮುಗಿಯಿತು, 3.3 ವೋಲ್ಟಿನ ಪ್ರತ್ಯೇಕ ರೆಗ್ಯುಲೇಟರ್ ಇಟ್ಟುಕೊಳ್ಳಿ.

ಜೋಡಣೆಗೆ ಮೂರೇ ತಂತಿ: ವಿದ್ಯುತ್ತು, ನೆಲ, ಮತ್ತು ಮಾಡ್ಯೂಲಿನ ಟಿ.ಎಕ್ಸ್. ಕಾಲಿನಿಂದ ಆರ್ಡುಯಿನೊಗೆ ಬರುವ ಒಂದು ತಂತಿ. ನಾವು ಅದಕ್ಕೆ ಏನನ್ನೂ ಹೇಳಬೇಕಾಗಿಲ್ಲ, ಅದು ಹೇಳಿದ್ದನ್ನು ಕೇಳಿಸಿಕೊಂಡರೆ ಸಾಕು. ನಿಯೋ-6ಎಂ 9600 ಬಾಡ್ ವೇಗದಲ್ಲಿ ಸೆಕೆಂಡಿಗೊಮ್ಮೆ ಸಾಲುಗಳನ್ನು ಕಳುಹಿಸುತ್ತಿರುತ್ತದೆ. ಬಹುಕಾಲ ಮೂಲೆಯಲ್ಲಿ ಬಿದ್ದಿದ್ದ ಮಾಡ್ಯೂಲು ಮೊದಲ ಸಲ ಉಪಗ್ರಹ ಹಿಡಿಯಲು ಕೆಲವು ನಿಮಿಷ ತೆಗೆದುಕೊಂಡೀತು. ಮನೆಯೊಳಗೆ ಕುಳಿತು ಕೆಟ್ಟಿದೆಯೆಂದು ತೀರ್ಮಾನಿಸದೆ ಅಂಗಳಕ್ಕೆ ತಂದು ಆಂಟೆನಾವನ್ನು ಆಕಾಶಕ್ಕೆ ಮುಖಮಾಡಿ ಇಡಿ. ದಿನಾಂಕ ಸುಮಾರು 19 ವರ್ಷ 7 ತಿಂಗಳು ಹಿಂದೆ ತೋರಿಸಿದರೂ ಎಸೆಯಬೇಡಿ. ಜಿ.ಪಿ.ಎಸ್. ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ತೊಡಗುತ್ತದೆ. 2019ರ ಏಪ್ರಿಲಿನಲ್ಲಿ ಹೀಗಾಯಿತು. ಹಳೆಯ ಮಾಡ್ಯೂಲುಗಳು ತಪ್ಪುವುದು ದಿನಾಂಕದಲ್ಲಿ, ಸ್ಥಳದಲ್ಲಲ್ಲ.

ಇನ್ನೊಂದು ಎಡವುವ ಜಾಗವಿದೆ. ಸಾಲಿನಲ್ಲಿ ಅಕ್ಷಾಂಶ 1258.3456 ಎಂದು ಬಂದರೆ ಅದು 12 ಡಿಗ್ರಿ, 58.3456 ಮಿನಿಟು. ಮಿನಿಟನ್ನು 60ರಿಂದ ಭಾಗಿಸಿದಾಗ 12.9724 ಡಿಗ್ರಿ ಆಗುತ್ತದೆ. ಬರಿದೆ ಚುಕ್ಕೆ ಸರಿಸಿ 12.5834 ಎಂದು ಬರೆದುಕೊಂಡರೆ ಬೆಂಗಳೂರಿನಲ್ಲಿ ನಿಂತವರು ಸುಮಾರು 43 ಕಿಲೋಮೀಟರು ದಕ್ಷಿಣಕ್ಕೆ ಹೋಗಿಬಿಡುತ್ತಾರೆ!

ಈಗ ಅಳತೆಯ ವಿಚಾರ. ನಿಯೋ-6ಎಂಗೆ ತಯಾರಕರು ಹೇಳುವ ನಿಖರತೆ 2.5 ಮೀಟರ್. ಬಯಲಿನಲ್ಲಿಯೂ ಅರ್ಧದಷ್ಟು ರೀಡಿಂಗುಗಳು ಮಾತ್ರ ನಿಜವಾದ ಬಿಂದುವಿನಿಂದ ಅಷ್ಟರೊಳಗೆ ಬೀಳುತ್ತವೆ ಎಂದು ಇದರ ಅರ್ಥ. 4 ಎಕರೆಯ ಚೌಕ ಹೊಲದ ಒಂದೊಂದು ಬದಿ ಸುಮಾರು 127 ಮೀಟರ್. ನಾಲ್ಕೂ ಕಡೆ 2.5 ಮೀಟರ್ ಹೊರಗೆ ಸರಿದು ಅಳೆದರೆ 13 ಗುಂಟೆ, ಅಂದರೆ ನೂರಕ್ಕೆ 8ರಷ್ಟು ಹೆಚ್ಚು ಬರುತ್ತದೆ. ಅದೇ 10 ಗುಂಟೆಯ ತುಂಡಿನಲ್ಲಿ ಸುಮಾರು ಮೂರೂವರೆ ಗುಂಟೆಯ ತಪ್ಪು, ನೂರಕ್ಕೆ 34! ಆದ್ದರಿಂದ ಸಣ್ಣ ಮಡಿಗಳಿಗೆ ಟೇಪೇ ಸರಿ.

ಆದರೆ ಒಂದು ಅನುಕೂಲವುಂಟು. ಎಲ್ಲ ಮೂಲೆಗಳೂ ಒಂದೇ ದಿಕ್ಕಿಗೆ ಒಂದೇ ಅಳತೆ ಸರಿದರೆ ಹೊಲವೇ ಸರಿದಂತೆ ಕಾಣುತ್ತದೆಯೇ ಹೊರತು ವಿಸ್ತೀರ್ಣ ಬದಲಾಗುವುದಿಲ್ಲ. ಸ್ವಲ್ಪ ಹೊತ್ತಿನೊಳಗೆ ತಪ್ಪು ಬಹುಮಟ್ಟಿಗೆ ಒಂದೇ ಕಡೆ ವಾಲಿರುತ್ತದೆ. ಎರಡು ಮೂಲೆ ಬೆಳಿಗ್ಗೆ, ಎರಡು ಮೂಲೆ ಸಂಜೆ ಅಳೆಯದೆ, ಒಂದೇ ಸುತ್ತಿನಲ್ಲಿ ಮುಗಿಸಬೇಕು. ಪ್ರತಿ ಮೂಲೆಯಲ್ಲಿ ಒಂದು ನಿಮಿಷ ನಿಂತು ಸರಾಸರಿ ತೆಗೆಯಿರಿ. ಕೊನೆಗೆ ಹೊರಟ ಮೂಲೆಗೆ ಮರಳಿ ಮತ್ತೊಮ್ಮೆ ಅಳೆಯಿರಿ. ಎರಡು ರೀಡಿಂಗುಗಳ ಅಂತರ ನೋಡಿದರೆ ಅಂದಿನ ಅಳತೆಯನ್ನು ಎಷ್ಟು ನಂಬಬಹುದೆಂದು ತಿಳಿಯುತ್ತದೆ. ಅಡಿಕೆ ತೋಟದ ಒಳಗೆ, ತಗಡಿನ ಶೆಡ್ಡಿನ ಪಕ್ಕದಲ್ಲಿ ಈ ಅಂತರ ಬಹಳ ಬೆಳೆಯುತ್ತದೆ.

ಬದುವಿನ ತಕರಾರಿಗೆ ಮಾತ್ರ ಇದನ್ನು ಹಿಡಿದುಕೊಂಡು ಹೋಗಬೇಡಿ. 127 ಮೀಟರ್ ಉದ್ದದ ಬದು 2.5 ಮೀಟರ್ ಸರಿದರೆ 3 ಗುಂಟೆಗೂ ಮಿಕ್ಕಿದ ನೆಲ. ಸ್ಥಳವನ್ನು ತಿಳಿಯುವುದರಲ್ಲಿ ಮೇಲಿನ ಅನುಕೂಲ ಸಿಗುವುದಿಲ್ಲ, ತಪ್ಪು ಪೂರ್ತಿಯಾಗಿ ಉಳಿಯುತ್ತದೆ. ಹೀಗಿರುವಾಗ ಗುಜರಿಯ ಮಾಡ್ಯೂಲಿನ ಮಾತು ಕೇಳಿ ದಾಯಾದಿಗಳು ಗುದ್ದಲಿ ಎತ್ತುವುದು ಸಲ್ಲದು. ಅದಕ್ಕೆ ಹದ್ದುಬಸ್ತಿನ ಅರ್ಜಿ ಕೊಟ್ಟು ಭೂಮಾಪಕರಿಂದಲೇ ಅಳೆಸಬೇಕು.

ಜೋಡಿಸಿದ್ದನ್ನು ಇಡಲು ಪ್ಲಾಸ್ಟಿಕ್ ಡಬ್ಬಿ ಉತ್ತಮ. ತಗಡಿನ ಡಬ್ಬಿಯೊಳಗೆ ಉಪಗ್ರಹದ ಸಂಕೇತ ತಲುಪುವುದಿಲ್ಲ. ಫೋನಿಗೆ ಬಳಸುವ ಪವರ್ ಬ್ಯಾಂಕನ್ನೇ ಆರ್ಡುಯಿನೊಗೂ ಬಳಸಬಹುದು.