ಊರು ಹೊಸದಾಗಲಿ, ನೆರೆಹೊರೆ ಅಳಿಯದಿರಲಿ
(ಭಾಷಣದ ಲಿಖಿತ ರೂಪ)



ಊರನ್ನು ಅಭಿವೃದ್ಧಿಪಡಿಸುವುದೆಂದರೆ ಕಟ್ಟಡ ಕಟ್ಟುವುದಷ್ಟೇ ಅಲ್ಲ, ಆ ಊರು ಯಾರದೆಂದು ಸಾರುವುದೂ ಹೌದು. ಬಸವಕಲ್ಯಾಣ ಅಭಿವೃದ್ಧಿ ಮಂಡಳಿ 2005ರಲ್ಲಿ ರಚನೆಯಾಯಿತು. 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ ನಿರ್ಮಾಣವಾಯಿತು. ಗೊ.ರು. ಚನ್ನಬಸಪ್ಪ ಸಮಿತಿಯ ವರದಿಯನ್ನಾಧರಿಸಿದ, 500 ಕೋಟಿ ರೂ. ಅಂದಾಜಿನ ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಶಂಕುಸ್ಥಾಪನೆ ಮಾಡಿದರು.

ಇದನ್ನು ನಾವು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇವೆ. ಚಪ್ಪಲಿ ಹೊಲಿಯುವ ಹರಳಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ಸಮಾನರಾಗಿ ಕುಳಿತ ಸಭೆಯ ಸ್ಮಾರಕವದು. ಆದುದರಿಂದಲೇ ಕೇಳುತ್ತೇವೆ: ಹರಳಯ್ಯನ ಸ್ಮಾರಕಕ್ಕೆ ಹೋಗುವ ದಾರಿಯಲ್ಲಿ ಇಂದಿನ ಚಮ್ಮಾರನಿಗೆ ಜಾಗವಿಲ್ಲದಿದ್ದರೆ ಆ ಸ್ಮಾರಕಕ್ಕೆ ಅರ್ಥವೇನು?

ಈ ನೆಲ ಚಾಲುಕ್ಯರ ರಾಜಧಾನಿ, ಬಹಮನಿಗಳ ಕೋಟೆ, ನವಾಬರ ಜಹಗೀರು. ನಮ್ಮ ಹಿರಿಯರ ಬಾಯಲ್ಲಿ ಇದು ಕಲ್ಯಾಣಿ. ಇಲ್ಲಿ ಬೆಳೆದ ಮಾಣಿಕಪ್ರಭುಗಳು ಹುಮ್ನಾಬಾದ್ ಬಳಿಯ ಮಾಣಿಕನಗರದಲ್ಲಿ ಸಕಲಮತ ಸಂಪ್ರದಾಯವನ್ನು ಸ್ಥಾಪಿಸಿದರು. ಎಲ್ಲ ಮತಗಳನ್ನೂ ಗೌರವಿಸುವುದು ಅದರ ತಿರುಳು. ಇವೆಲ್ಲ ಒಂದೇ ಊರಿನ ಕಥೆಯ ಪುಟಗಳು. ಒಂದನ್ನು ಓದಲು ಇನ್ನೊಂದನ್ನು ಹರಿಯಬೇಕಾಗಿಲ್ಲ.

ಪೀರ್ ಪಾಶಾ ಬಂಗ್ಲೆಯೇ ಮೂಲ ಅನುಭವ ಮಂಟಪವೆಂಬ ವಾದ 2022ರಲ್ಲಿ ಬೀದಿಗೆ ಬಂದಾಗ ಎರಡೂ ಕಡೆಯ ಮನೆಗಳಲ್ಲಿ ಆತಂಕ ಮೂಡಿತ್ತು. ಇಂತಹ ಪ್ರಶ್ನೆಗಳು ದಾಖಲೆ, ಸಂಶೋಧನೆ ಮತ್ತು ನ್ಯಾಯಾಲಯದ ಮುಂದೆ ತೀರ್ಮಾನವಾಗಬೇಕೇ ಹೊರತು ಮೆರವಣಿಗೆಗಳಲ್ಲಲ್ಲ. ಘೋಷಣೆಗೆ ಘೋಷಣೆ ನಮ್ಮ ಉತ್ತರವಾಗಬಾರದು.

ಹಾಗಾದರೆ ನಾವು ಮಾಡಬೇಕಾದುದೇನು? ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ. 2011ರ ಜನಗಣತಿಯಲ್ಲಿ ನಮ್ಮ ಎರಡೂ ಪಟ್ಟಣಗಳು ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ಆದ್ದರಿಂದ ಯೋಜನೆಗಳ ಬಗ್ಗೆ ಓಣಿಯ ಜನರ ಸಭೆ ಕರೆಯುವಂತೆ ಸ್ಥಳೀಯ ಆಡಳಿತವನ್ನು ನಾವೇ ಒತ್ತಾಯಿಸಬೇಕು, ಎಲ್ಲ ಸಮುದಾಯದವರೊಂದಿಗೆ ಸೇರಿ.

ಹುಮ್ನಾಬಾದ್ ಹೈದರಾಬಾದ್ ಹೆದ್ದಾರಿಯ ಪಟ್ಟಣ. ಅಲ್ಲಿ ರಸ್ತೆ ಅಗಲವಾಗುವುದೆಂದರೆ ತಳ್ಳುಗಾಡಿಯವನ ಅನ್ನದ ಪ್ರಶ್ನೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ನೀಡುವವರೆಗೆ ಬೀದಿ ವ್ಯಾಪಾರಿಯನ್ನು ಎಬ್ಬಿಸಬಾರದೆಂದು 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಹೇಳುತ್ತದೆ. ಈ ವಿಷಯ ಪ್ರತಿ ವ್ಯಾಪಾರಿಗೂ ತಿಳಿದಿರಬೇಕು.

ಕೊನೆಯದಾಗಿ, ನಿಮ್ಮ ಮನೆಯ ಹಳೆಯ ಉರ್ದು, ಫಾರ್ಸಿ ಕಾಗದಗಳನ್ನು ಗೆದ್ದಲಿಗೆ ಬಿಡಬೇಡಿ. ಹಿರಿಯರ ನೆನಪುಗಳನ್ನು ಕನ್ನಡದಲ್ಲಿ ಬರೆದಿಡಿ. ನಾಳೆ ಊರಿನ ಚರಿತ್ರೆಯ ಫಲಕ ಬರೆಯುವವರು ಬಂದಾಗ ನಮ್ಮ ಕೈ ಬರಿದಾಗಿರಬಾರದು. ಊರಿನ ಕಥೆಯಲ್ಲಿ ನಾವು ಅತಿಥಿಗಳಲ್ಲ, ಮನೆಯವರು. ಮನೆಯವರ ಹಕ್ಕಿನೊಂದಿಗೆ ಮನೆಯವರ ಹೊಣೆಯನ್ನೂ ಹೊರೋಣ.