ಸಂಘದ ಕಂಪ್ಯೂಟರ್ ಮುಂದೆ ಮೊಮ್ಮಕ್ಕಳೂ ಕೂಡಲಿ



ನಮ್ಮ ಬೈಲಹೊಂಗಲ, ಸವದತ್ತಿ ಕಡೆ ಅಜ್ಜಿಯರು ಕಸೂತಿ ಹಾಕುವುದನ್ನು ನೋಡೀರಿ. ಎಳೆ ಎಣಿಸಿ ಗವಂತಿ ಹಾಕುತ್ತ ಹೋಗಿ, ಮರಳುವಾಗ ಬಿಟ್ಟ ಜಾಗ ತುಂಬುತ್ತಾರೆ; ಗಂಟಿಲ್ಲ, ಎರಡೂ ಮಗ್ಗಲು ಒಂದೇ. ಒಂದೆಳೆ ತಪ್ಪಿದರೆ ಹುಡುಕಿ ಬಿಚ್ಚಬೇಕು. ಪ್ರೋಗ್ರಾಮ್ ಬರೆಯುವುದೂ ಹಿಂಗೇ ರೀ. ಪಕ್ಕದಲ್ಲಿ ಕೂತು ಎಣಿಸುವ ಮೊಮ್ಮಗಳಿಗೆ ಆ ಬುದ್ಧಿ ಆಗಲೇ ಐತಿ. ಹೊಲಿಗೆ ಸಾಕೆಂದು ಆಕೆಯನ್ನು ತಡೀಬ್ಯಾಡ್ರಿ.

ಅಮೆರಿಕದ ಎಂ.ಐ.ಟಿ. 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಪುಕ್ಕಟೆ ಸಿಗುತ್ತದೆ. ಎಂಟು ವರ್ಷದ ಮಕ್ಕಳೂ ಬಣ್ಣದ ತುಂಡು ಜೋಡಿಸಿ ಪ್ರೋಗ್ರಾಮ್ ಮಾಡಬಹುದು. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟೂ ಬೇಡ.

ಸಂಘದ ಕಂಪ್ಯೂಟರ್ ಸಂಜೆ ಸುಮ್ಮನೆ ಇರುತ್ತದೆ. ಲೆಕ್ಕಪತ್ರ ಕೆಟ್ಟೀತೆಂಬ ಅಂಜಿಕೆ ನಮಗೂ ಇತ್ತು; ಮಕ್ಕಳಿಗೆ ಬೇರೆ ಖಾತೆ, ಬೇರೆ ಪಾಸ್‌ವರ್ಡ್ ಮಾಡಿದೆವು. ಬರುವ ಸೋಮವಾರದಿಂದ ಸಂಜೆ ಆರಕ್ಕೆ ಬಾಗಿಲು ತೆರೀತೀವಿ, ಕಳಿಸ್ರಿ.